ಮೀನಿಲ್ಲದ ಕಡಲು

ಕಂಪ್ಯೂಟರ್ ‘ಇಲ್ಲ’ ಎಂದರೆ ನಾನು ಥಟ್ಟನೆ ನಂಬಿಬಿಡುತ್ತೇನೆ. ಅದೇ ಮಾತನ್ನು ಹೆಂಡತಿ ಹೇಳಿದರೆ ಡಬ್ಬಿಯ ಮುಚ್ಚಳ ತೆಗೆದು ನೋಡುವವನು ನಾನು.

ಕುಂದಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಮದುವೆ ಕಾಗದಗಳ ನಡುವೆ ಬಿಡುವಾದಾಗ ಕಡಲಂಚಿನ ಬೀಜಾಡಿಯ ಗಿರಿಜಕ್ಕನ ಹಾಡುಗಳನ್ನು ಟೈಪು ಮಾಡುತ್ತಿದ್ದೆ. ಅವರು ಅಮ್ಮನ ಗೆಳತಿ. ಸಂತೆ ಮುಗಿಸಿ ಬಂದವರು ಬೆಂಚಿನಲ್ಲಿ ಕೂತು, ಫ್ಯಾನಿನ ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹಾಡುತ್ತಿದ್ದರು.

ವರ್ಷಗಳ ಮೇಲೆ, ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತವೆಂದು ಯುನಿಕೋಡ್ ಬಂತು. ಹಳೆಯ ಫಾಂಟಿನಲ್ಲಿದ್ದ ನೂರಾರು ಹಾಡುಗಳನ್ನು ಅದಕ್ಕೆ ಬದಲಾಯಿಸಿ, ಪದ ಹುಡುಕಲು ಪುಟ್ಟದೊಂದು ಪ್ರೋಗ್ರಾಮನ್ನೂ ಬರೆದು ಬೀಗುತ್ತಿದ್ದೆ. ಅಷ್ಟರಲ್ಲಿ ಗಿರಿಜಕ್ಕ ಬಂದರು. ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರವಾಗಿದೆ. ಹಿಂದೆ ಮಗಳಿಗೆ ಹಾಡಿದ ಜೋಗುಳ ಮರೆತೇಹೋಗಿದೆ. ಇಲ್ಲಿ ಹಾಡಿ ಬರೆಸಿದ ನೆನಪು, ಅದರಲ್ಲೊಂದು ದೋಣಿ ಬರುತ್ತಿತ್ತು ಎಂದರು.

‘ದೋಣಿ’ ಎಂದು ಹುಡುಕಿದೆ. ಇಲ್ಲ. ‘ಜೋಗುಳ’ವೂ ಇಲ್ಲ.

“ಹಾಂಗಾರೆ ನಾನ್ ಹಾಡ್ಲೇ ಇಲ್ಯೇನೋ ಮಾರಾಯಾ,” ಎಂದ ಗಿರಿಜಕ್ಕನ ಮುಖ ಸಣ್ಣದಾಯಿತು. ಮನೆಯಲ್ಲಿ ಎಲ್ಲರೂ ಆಗಲೇ ಅವರ ಮರೆವನ್ನು ಎತ್ತಿ ಆಡುತ್ತಿದ್ದರಂತೆ.

ಅವರು ಬಸ್ಸು ಹತ್ತಿದ ಮೇಲೆ ಮನಸ್ಸು ತಡೆಯದೆ ‘ಕಡಲು’ ಹುಡುಕಿದೆ. ಪರದೆ ತುಂಬಿತು. ‘ಮೀನು’ ಎಂದೆ. ಒಂದೂ ಇಲ್ಲ. ಬೀಜಾಡಿಯ ಹೆಂಗಸಿನ ಹಾಡಿನಲ್ಲಿ ಕಡಲಿದೆ, ಮೀನಿಲ್ಲ, ದೋಣಿಯಿಲ್ಲ ಎಂದರೆ ಯಾರು ನಂಬುತ್ತಾರೆ? ತಪ್ಪು ಗಿರಿಜಕ್ಕನ ತಲೆಯಲ್ಲಿರಲಿಲ್ಲ.

ಒಂದನೇ ಕ್ಲಾಸಿನಲ್ಲಿ ಕಾಗುಣಿತವನ್ನು ರಾಗವಾಗಿ ಹೇಳಿಸುತ್ತಿದ್ದರು: ಮ ಗುಡಿಸು ಮಿ, ಮ ಗುಡಿಸು ದೀರ್ಘ ಮೀ. ನನ್ನ ಹಾಡುಗಳೂ ಹಾಗೇ ಕೂತಿದ್ದವು. ಬದಲಾಯಿಸುವಾಗ ಗುಡಿಸು ಬೇರೆ, ದೀರ್ಘ ಬೇರೆಯಾಗಿ ಸೇರಿದ್ದವು. ಹುಡುಕಲು ನಾನು ಒತ್ತುತ್ತಿದ್ದ ‘ಮೀ’ಯಲ್ಲಿ ಎರಡೂ ಬೆಸೆದು ಒಂದೇ ಚಿಹ್ನೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಗುರುತು ಪರಿಚಯವಿಲ್ಲದ ಇಬ್ಬರು. ‘ದೋ’, ‘ಜೋ’ಗಳ ದೀರ್ಘಕ್ಕೂ ಇದೇ ಗತಿ. ಬಿಡಿ ದೀರ್ಘಗಳನ್ನೆಲ್ಲ ಬೆಸೆದು ಮತ್ತೆ ಹುಡುಕಿದೆ. ಮೀನು, ದೋಣಿ, ಜೋಗುಳ ಎಲ್ಲ ಒಟ್ಟೊಟ್ಟಿಗೆ ಬಂದವು.

ಮುಂದಿನ ಸಂತೆಗೆ ಬಂದ ಗಿರಿಜಕ್ಕನಿಗೆ ಮೊದಲ ಸಾಲು ಓದಿದೆ. ಅವರು ಸಾಕೆಂದು ಕೈ ತೋರಿಸಿ, ಕಣ್ಣು ಮುಚ್ಚಿ ತಾವೇ ಹಾಡತೊಡಗಿದರು. ಪರದೆಯ ಮೇಲೆ ಹಾಡು ಮುಗಿಯಿತು, ಅವರು ನಿಲ್ಲಲಿಲ್ಲ.

“ಇನ್ನೊಂದ್ ನುಡಿ ಇತ್ತ್. ಬರ್ಕೋ,” ಎಂದರು ನಡುವೆ ಉಸಿರು ತೆಗೆದು.

ಬರೆದುಕೊಳ್ಳಬೇಕಾದವನು ಕೇಳುತ್ತ ಕೂತುಬಿಟ್ಟೆ. ಇನ್ನೊಮ್ಮೆ ಹಾಡಿಸಿಕೊಳ್ಳಲು ಒಂದು ನೆಪವಾದರೂ ಸಿಕ್ಕಿತಲ್ಲ.