ಇನ್ನೂರ ಹದಿನೇಳನೇ ವರದಿ

ಹನ್ನೆರಡು ವರ್ಷದಿಂದ ಶಹಾಪುರದಲ್ಲಿ ವೆಬ್‌ಸೈಟ್ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿರುವ ನನಗೆ ಮೊನ್ನೆ ಮೊನ್ನೆಯವರೆಗೆ ಪ್ರೋಗ್ರಾಮಿಂಗ್ ಬರುತ್ತಿರಲಿಲ್ಲ. ದಯವಿಟ್ಟು ನನ್ನ ಗಿರಾಕಿಗಳಿಗೆ ಹೇಳಬೇಡಿ. ಅಲ್ಲೊಂದು ತುಂಡು ಇಲ್ಲೊಂದು ತುಂಡು ಎತ್ತಿ ತಂದು, ಬಣ್ಣ ಬಳಿದು, ಬೇಳೆ ಮಿಲ್ಲಿನವರಿಗೂ ಕಲ್ಯಾಣ ಮಂಟಪದವರಿಗೂ ಒಪ್ಪಿಸುತ್ತಿದ್ದೆ. ಒಳಗೇನು ನಡೆಯುತ್ತದೆಂದು ಅವರು ಕೇಳಲಿಲ್ಲ, ನಾನೂ ನೋಡಲಿಲ್ಲ.

ನೋಡಿದವರು ಸುರಪುರದ ನಿವೃತ್ತ ಗಣಿತ ಮಾಸ್ತರರು. ಅಲ್ಲಿನ ಮಹಾದೇವಿ ಅಕ್ಕನ ರಕ್ತಪರೀಕ್ಷೆ ಲ್ಯಾಬಿಗೆ ನಾನೊಂದು ಸೈಟ್ ಮಾಡಿಕೊಟ್ಟಿದ್ದೆ. ವರದಿಯ ನಂಬರಿನಿಂದ ಮುಗಿಯುವ ಲಿಂಕ್ ಫೋನಿಗೆ ಬರುತ್ತದೆ, ಒತ್ತಿದರೆ ವರದಿ ತೆರೆಯುತ್ತದೆ. ಮಾಸ್ತರರು ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿದರು.

“ತಮ್ಮಾ, ನನ್ನ ವರದಿ ನಂಬರ ಇನ್ನೂರ ಹದಿನೈದು. ಸುಮ್ನ ಹದಿನಾರು ಅಂತ ಒತ್ತಿದ್ರ ನಮ್ಮ ಓಣಿ ಬಸಣ್ಣಂದು ಬಂತು ನೋಡು! ಶುಗರ್ ಭಾಳ ಅದ ಅವಂಗ. ಈಗಷ್ಟ ಹೋಗಿ, ಸಕ್ರಿ ಬಿಡಲೇ ಅಂತ ಬೈದು ಬಂದೀನಿ.”

ಅವರನ್ನು ಬೈಯುವಂತಿಲ್ಲ. ನಮ್ಮ ಕಡೆ ಹಗಲು ಬಾಗಿಲು ಮುಚ್ಚಿದರೆ ಮೂರು ಮನೆಯವರು ಬಂದು, “ಯಾಕ್ರೀ, ಆರಾಮಿಲ್ಲೇನು?” ಎಂದು ವಿಚಾರಿಸುತ್ತಾರೆ. ಆ ಸಂಸ್ಕಾರದಲ್ಲೇ ಬೆಳೆದವನು ಕಟ್ಟಿದ ಸೈಟಿಗೂ ಬಾಗಿಲಿತ್ತು, ಚಿಲಕವಿರಲಿಲ್ಲ.

ನಿಜವೋ ಸುಳ್ಳೋ ನೋಡೋಣವೆಂದು ನಾನು ಹದಿನೇಳು ಒತ್ತಿದೆ. ನಮ್ಮ ಪಕ್ಕದ ಮನೆಯ ಕಾವೇರಿಯ ಹೆಸರು! ಮದುವೆಯಾಗಿ ಒಂಬತ್ತು ವರ್ಷ; ಈಗ ಗರ್ಭಿಣಿ ಎಂದಿತ್ತು ವರದಿ. ಶಹಾಪುರದಲ್ಲಿ ಸುದ್ದಿಯಾಗಬಾರದೆಂದೇ ಪಾಪ, ಬಸ್ಸು ಹತ್ತಿ ಸುರಪುರಕ್ಕೆ ಹೋಗಿದ್ದಳು. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬುದು ಹಿರಿಯರ ಮಾತು. ಅವಳ ಸಂತೋಷವನ್ನು ಅವಳಿಗಿಂತ ಮೊದಲು ಊರಿಗೆ ನನ್ನ ಸೈಟೇ ಹಂಚಿಬಿಟ್ಟಿದ್ದರೆ?

ಸೈಟ್ ಬಂದ್ ಮಾಡಿ ಮಹಾದೇವಿ ಅಕ್ಕನ ಮುಂದೆ ತಪ್ಪೊಪ್ಪಿಕೊಂಡೆ. “ಬೈಯೋದು ಆಮ್ಯಾಲ, ಮೊದ್ಲ ಚಿಲಕ ಹಾಕಪ್ಪ. ಮತ್ತ ಯಾರ್‍ಯಾರು ನೋಡ್ಯಾರ, ಅದನ್ನ ಹೇಳು” ಎಂದರು.

ಸೈಟನ್ನು ಹೊತ್ತ ಸರ್ವರ್ ಕಂಪ್ಯೂಟರು ಬಂದುಹೋದವರನ್ನೆಲ್ಲ ಬರೆದಿಡುತ್ತದೆ: ಯಾವ ಫೋನು ಅಥವಾ ಕಂಪ್ಯೂಟರಿನ ವಿಳಾಸದಿಂದ, ಯಾವ ಹೊತ್ತಿಗೆ, ಯಾವ ವರದಿ. ಸಾವಿರಾರು ಸಾಲು. ಅದನ್ನು ಓದಲು ನಲವತ್ತರ ಹತ್ತಿರ ಬಂದ ನಾನು ಪ್ರೋಗ್ರಾಮಿಂಗಿನ ಓಂನಾಮ ಶುರುಮಾಡಿದೆ. ಒಂದು ಸಾಲು ತೆಗೆದುಕೋ, ಬೇಕಾದದ್ದಾದರೆ ಇಟ್ಟುಕೋ, ಇಲ್ಲವಾದರೆ ಬಿಡು, ಮುಂದಿನದಕ್ಕೆ ಹೋಗು. ಅವ್ವ ಮೊರ ಹಿಡಿದು ಜೋಳ ಹಸನು ಮಾಡುವುದೂ ಹೀಗೆಯೇ. ಸಾಲಿನ ಕೊನೆಯ ಅರ್ಧವಿರಾಮ ಚಿಹ್ನೆ ಮರೆತರೆ ಪ್ರೋಗ್ರಾಂ ಮುನಿಸಿಕೊಂಡು ನಿಲ್ಲುತ್ತದೆ, ಅವ್ವನ ಜೋಳಕ್ಕೆ ಮಾತ್ರ ಅಂಥ ಮುನಿಸಿಲ್ಲ. ನನ್ನ ಒದ್ದಾಟ ನೋಡಿ ಹೆಂಡತಿ ಶಾಂತಾ, “ಹಂಗಾದ್ರ ಹನ್ನೆರಡು ವರ್ಷ ಏನ್ ಮಾಡಾಕತ್ತಿದ್ರಿ?” ಎಂದಳು.

ಎರಡನೇ ದಿನ ಪ್ರೋಗ್ರಾಂ ಓಡಿತು. ಮಾಸ್ತರರು ಬಸಣ್ಣನದನ್ನು ಬಿಟ್ಟರೆ ಮುಂದೆ ಹೋಗಿರಲಿಲ್ಲ. ಹದಿನೇಳನೆಯದು ತೆರೆದದ್ದು ಮೂರೇ ಸಲ. ಎರಡು ಸಲ ಕಾವೇರಿಯ ಫೋನಿನಿಂದ. ಮೂರನೆಯ ವಿಳಾಸವನ್ನು ಹಲ್ಲು ಕಚ್ಚಿ ಹುಡುಕಿದೆ. ಅದು ನನ್ನದೇ ಕಂಪ್ಯೂಟರು. ಅವಳದನ್ನು ಕದ್ದು ನೋಡಿದವನು ನಾನೊಬ್ಬನೇ!

ಈಗ ಫೋನಿಗೆ ಬಂದ ಗುಟ್ಟಿನ ಅಂಕಿ ಕೊಡದೆ ಯಾರ ವರದಿಯೂ ತೆರೆಯುವುದಿಲ್ಲ. ಸೈಟ್ ಭದ್ರವಾಯಿತು, ಭದ್ರವಾಗದೆ ಉಳಿದದ್ದು ನನ್ನ ಬಾಯಿ. ಶಾಂತಾ ಮತ್ತು ಕಾವೇರಿ ದಿನಾ ಗೋಡೆಯಾಚೆ ಈಚೆ ನಿಂತು ಮಾತಾಡುವವರು. ಎರಡು ತಿಂಗಳು ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ಬಾಯಿಗೆ ಚಿಲಕ ಹಾಕಿಕೊಳ್ಳುವ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

ಹೋದ ಸೋಮವಾರ ಶಾಂತಾ ಪೇಢೆ ಹಿಡಿದು ಓಡಿಬಂದಳು. “ಕೇಳಿದ್ರೇನು? ನಮ್ಮ ಕಾವೇರಿಗೆ ಮೂರು ತಿಂಗಳಂತ!”

“ಹೌದಾ!” ಎಂದು ಕಣ್ಣರಳಿಸಿದೆ. ಸಂತೋಷವೇನೋ ನಿಜವಾದದ್ದೇ.

“ಬಾಜೂ ಮನಿ ಸುದ್ದಿನೂ ನಿಮಗ ತಿಳಿಯಂಗಿಲ್ಲ ನೋಡ್ರಿ. ದಿನಾ ಕಂಪ್ಯೂಟರ್ ಮುಂದ ಕುಂತು ಅದೇನ್ ಕಲೀತೀರೋ!”

ಏನು ಕಲಿತೆನೆಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ಪೇಢೆ ಹಾಕಿಕೊಂಡೆ.