ಮೊಬೈಲಿಗೆ ಕಾಣದ ಲಕ್ಷ್ಮಿ

ರವಿಕೆ ಹೊಲಿದು ಉಳಿಸಿದ ದುಡ್ಡನ್ನು ಮಗಳಿಗಾಗಿ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಷೇರಿನ ಫಂಡಿಗೆ ಹಾಕೋಣವೆಂದು ಸೊರಬದಿಂದ ಶಿಕಾರಿಪುರದ ಏಜೆಂಟನ ಅಂಗಡಿಗೆ ಹೋಗಿದ್ದೆ. ಹೊರಡುವಾಗ ಅತ್ತೆ ಹೇಳಿದ್ದರು: "ಮೊದಲ ಸಲ ದುಡ್ಡು ಹಾಕೋವಾಗ ಲಕ್ಷ್ಮಿ ಮಡಿಲಲ್ಲೇ ಇರ್ಬೇಕು ನೋಡು." ಲಕ್ಷ್ಮಿ ಎಂದರೆ ಹಲ್ಲು ಬರುತ್ತಿರುವ, ಸಿಕ್ಕಿದ್ದನ್ನೆಲ್ಲ ಕಚ್ಚುವ ನನ್ನ ಮಗಳು. ಆ ಮಾತು ಮೀರಿದರೆ ನಾಳೆ ಷೇರು ಬಿದ್ದದ್ದಕ್ಕೆಲ್ಲ ನಾನೇ ಕಾರಣ.

ಖಾತೆ ತೆರೆಯಲು ಮೊಬೈಲು ನನ್ನ ಮುಖ ನೋಡಬೇಕಂತೆ. ನೋಡಿತು. ಚಿತ್ರದಲ್ಲಿ ಒಬ್ಬರೇ ಇರಬೇಕು ಎಂದಿತು.

"ಅಕ್ಕಾರೆ, ಮಗೂನ ಕೆಳಗಿಳಿಸ್ರೀ," ಎಂದ ಏಜೆಂಟ್.

"ಇಳಿಸಲ್ಲ ಕಣ್ರೀ. ಅವಳಿಗೋಸ್ಕರ ತಾನೆ ಹಾಕ್ತಿರೋದು?"

"ಅದು ಮಷೀನಿಗೆ ತಿಳಿಯಲ್ರೀ."

"ಅಷ್ಟೂ ತಿಳಿಯದ ಮಷೀನಿಗೆ ದುಡ್ಡು ಹೆಂಗ್ರೀ ಕೊಡ್ಲಿ?"

ಮಗಳನ್ನು ಒಂದಿಷ್ಟು ಪಕ್ಕಕ್ಕೆ ಸರಿಸಲು ಅವನು ಕೈ ಚಾಚಿದ. ಕಚ್ಚಿಸಿಕೊಂಡ. ಕಣ್ಣು ಮಿಟುಕಿಸಿ ಎಂದಿತು ಮೊಬೈಲು. ನಾನು ಮಿಟುಕಿಸುವಷ್ಟರಲ್ಲಿ ಇವಳು ಇಣುಕಿದಳು. ಮತ್ತೆ ಮೊದಲಿನಿಂದ. ಹೊರಗೆ ಸೊರಬದ ಬಸ್ಸು ಹಾರ್ನ್ ಹೊಡೆಯಿತು. ತಲೆ ಕೆಟ್ಟು, ಸೆರಗು ಮರೆ ಮಾಡಿ ಅವಳನ್ನು ಎದೆಗೆ ಹಾಕಿಕೊಂಡು ಹಾಲು ಕುಡಿಸತೊಡಗಿದೆ. ಮಗಳು ತೆಪ್ಪಗಾದಳು. ಏಜೆಂಟ್ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಮೊಬೈಲು, ಈಗ ಒಬ್ಬರೇ ಇದ್ದೀರಿ ಎಂದು ಹಸಿರು ಗುರುತು ತೋರಿಸಿ ಖಾತೆ ತೆರೆಯಿತು.

ಬಸ್ಸಿನಲ್ಲೂ ಮಗಳು ಸೆರಗಿನ ಮರೆಯಲ್ಲೇ ಇದ್ದಳು. ಕಂಡಕ್ಟರ್ ಆ ಕಡೆ ಒಮ್ಮೆ ನೋಡಿದ್ದೇ, "ಕಿಟಕಿ ಹಾಕ್ಕೊಳ್ರೀ, ಕೂಸಿಗೆ ಗಾಳಿ ಬಡಿತೈತೆ," ಎಂದ. ಇವನ ಷೇರು ಎಲ್ಲಿ ಸಿಗುತ್ತದೆಂದು ಆ ಏಜೆಂಟನನ್ನು ಕೇಳಬೇಕು.