ಕಾರಿಗೆ ಮರದ ಗಾಲಿ ಕಟ್ಟುವ ಪಿಳ್ಳಾಚಾರಿ

ಯಲಹಂಕದ ಕೆರೆ ಏರಿಯ ಕೆಳಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಡಹೆಂಚಿನ ಕೊಟ್ಟಿಗೆಯಲ್ಲಿ ಪಿಳ್ಳಾಚಾರಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ಬಾಗಲೂರಿನವರೊಬ್ಬರ ಎತ್ತಿನ ಗಾಡಿಯ ಗಾಲಿ. ಅದರ ಒಂದೊಂದೇ ಅರಕ್ಕೆ, ಅಂದರೆ ನಡುವಿನಿಂದ ಅಂಚಿಗೆ ಚಾಚಿದ ಮರದ ಕಡ್ಡಿಗೆ, ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿ ಹತ್ತಿರ ಒಯ್ದು ಕೇಳುತ್ತಾರೆ. ಹನ್ನೆರಡು ಅರ, ಹನ್ನೆರಡು ಸಲ. ಒಂಬತ್ತನೆಯದಕ್ಕೆ ಬಂದಾಗ ಮುಖ ಹುಳ್ಳಗಾಗುತ್ತದೆ. ಮತ್ತೊಮ್ಮೆ ಕುಟ್ಟುತ್ತಾರೆ. ಆಮೇಲೆ ಕೊಡತಿ ಎತ್ತಿ, ನಿನ್ನೆಯೆಲ್ಲ ಕೂತು ಕೂರಿಸಿದ್ದ ಅರವನ್ನು ಹೊಡೆದು ಕಿತ್ತು ಮೂಲೆಗೆ ಎಸೆಯುತ್ತಾರೆ. ಮೂಲೆಯಲ್ಲಿ ಅಂಥವು ಆಗಲೇ ಒಂದು ರಾಶಿ ಇವೆ.

ಹೆಂಡತಿ ರಾಮಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ಗೊಣಗುತ್ತಾರೆ. “ಒಂದ್ ವರ್ಸದಿಂದ ಇಂಗೇ ಸಾಮಿ. ಮಾಡೋದು, ಕೀಳೋದು. ಚೆಂದಾಗಿರೋದ್ನೂ ಕೀಳ್ತಾರೆ. ನಮ್ಮನೆ ಒಲೆಗೆ ಸೌದೆ ಬರ ಇಲ್ಲ.”

ಪಿಳ್ಳಾಚಾರಿಗೆ ಐವತ್ತೆಂಟು. ಒಂಬತ್ತನೇ ವಯಸ್ಸಿಗೆ ಅಪ್ಪನ ಪಕ್ಕ ಕೂತು ಬಾಚಿ ಹಿಡಿದವರು. ಬಾಗಲೂರು, ಸೋಲದೇವನಹಳ್ಳಿ, ಆಚೆ ಹೆಸರಘಟ್ಟದವರೆಗೂ ಅವರ ಗಾಲಿಗಳು ಉರುಳಿವೆ. ಹತ್ತು ವರ್ಷದ ಹಿಂದೆ ವರ್ಷಕ್ಕೆ ನಲವತ್ತು ಜೊತೆ ಕಟ್ಟುತ್ತಿದ್ದರು. ಕಳೆದ ವರ್ಷ, ಅಂದರೆ 1961ರಲ್ಲಿ, ಕಟ್ಟಿದ್ದು ಒಂಬತ್ತೇ ಜೊತೆ. ರಬ್ಬರ್ ಟೈರಿನ ಗಾಡಿ ಬಂದ ಮೇಲೆ ಮರದ ಗಾಲಿಯನ್ನು ಕೇಳುವವರಾದರೂ ಯಾರು?

ಆದರೆ ಅವರನ್ನು ಹುಡುಕಿಕೊಂಡು ಪತ್ರಿಕೆಯವರು ಬರಲು ಕಾರಣ ಎತ್ತಿನ ಗಾಡಿಯಲ್ಲ. ಇಪ್ಪತ್ತರ ದಶಕದ ಟೂರಿಂಗ್ ಕಾರುಗಳು ಗೊತ್ತಲ್ಲ, ನೆತ್ತಿಯ ಮೇಲೆ ಮಡಚುವ ಕ್ಯಾನ್ವಾಸು, ಬಾಗಿಲ ಹೊರಗೆ ಕಾಲಿಡಲು ಹಲಗೆ, ಕೆಳಗೆ ನೋಡಿದರೆ ಥೇಟ್ ಗಾಡಿಯಂತೆ ಮರದ ಅರಗಳು. ಅವನ್ನು ಕೊಂಡ ದೊರೆಗಳು ಹಡಗು ಹತ್ತಿ ಹೋದರು. ಉಳಿದ ಕಾರುಗಳ ಎಂಜಿನ್ ಬಿಚ್ಚಿ ಬಾವಿಗೆ ಪಂಪು ಮಾಡಿಕೊಂಡವರೇ ನಮ್ಮಲ್ಲಿ ಹೆಚ್ಚು. ಹಾಗೆ ಮಾಡದ ಪುಣ್ಯಾತ್ಮರು ಐದಾರು ಮಂದಿ. ಅವರಲ್ಲೊಬ್ಬರು ಹೆಬ್ಬಾಳದ ದ್ರಾಕ್ಷಿ ತೋಟದ ಯಜಮಾನ ಮುನಿಕೃಷ್ಣಪ್ಪ. 1949ರಲ್ಲಿ ಅವರ ಕಾರಿನ ಗಾಲಿಗೆ ಹುಳ ಬಿತ್ತು. ವಿಲಾಯಿತಿಗೆ ಬರೆದರೆ ಅಂಥ ಗಾಲಿ ಈಗ ಯಾರೂ ಮಾಡುವುದಿಲ್ಲ ಎಂದು ಉತ್ತರ ಬಂತು. ಗಾಲಿಯನ್ನು ಗಾಡಿಯಲ್ಲಿ ಹೇರಿಕೊಂಡು ಯಲಹಂಕಕ್ಕೆ ಬಂದರು.

“ಎಲ್ಡ್ ದಿನ ಸುಮ್ಕೆ ನೋಡ್ತಾ ಕುಂತಿದ್ದೆ. ಮಾಡಿದೋನು ಬೋ ಬುದ್ವಂತ,” ಎನ್ನುತ್ತಾರೆ ಪಿಳ್ಳಾಚಾರಿ. ಎತ್ತಿನ ಗಾಲಿ ನಾಲ್ಕು ದಿನದ ಕೆಲಸವಾದರೆ ಕಾರಿನ ಗಾಲಿಗೆ ಹನ್ನೊಂದು ದಿನ. ಮರ ಎರಡು ವರ್ಷ ನೆರಳಲ್ಲಿ ಒಣಗಿರಬೇಕು. ಅರದ ಬುಡ ನಡುವಿನ ಗುಂಬದಲ್ಲಿ ಕೂದಲೆಳೆ ಸಂದಿಲ್ಲದೆ ಕೂರಬೇಕು. ಹನ್ನೆರಡು ವರ್ಷದಲ್ಲಿ ಐದು ಕಾರುಗಳಿಗೆ ಅವರು ಮೂವತ್ತೊಂದು ಗಾಲಿ ಕಟ್ಟಿದ್ದಾರೆ.

ಎಂಜಿನ್ ನೋಡಿಕೊಳ್ಳುತ್ತಿದ್ದವರು ಯಶವಂತಪುರದ ಮೆಕ್ಯಾನಿಕ್ ಜಿಯಾವುಲ್ಲಾ. ವರ್ಷಕ್ಕೊಮ್ಮೆ, ಏಪ್ರಿಲ್ಲಿನ ಒಂದು ಭಾನುವಾರ, ಯಲಹಂಕದಾಚೆ ಯುದ್ಧಕಾಲದಲ್ಲಿ ಹಾಕಿದ ವಿಮಾನಪಟ್ಟಿಯ ಮೇಲೆ ಹಳೇ ಕಾರುಗಳ ಓಟ. ಮುನಿಕೃಷ್ಣಪ್ಪನವರ ಕಾರನ್ನು ಓಡಿಸುತ್ತಿದ್ದವರು ಜಿಯಾವುಲ್ಲಾ ಸಾಹೇಬರೇ. ಓಟಕ್ಕೆ ಮುಂಚೆ ನಾಲ್ಕೂ ಗಾಲಿಯನ್ನು ಪಿಳ್ಳಾಚಾರಿ ಕುಟ್ಟಿ ನೋಡಿ “ಓಗಿ ಸಾಹೇಬ್ರೆ” ಎನ್ನಬೇಕು. ಅಲ್ಲಿಯವರೆಗೆ ಅವರು ಸೀಟಿನ ಮೇಲೆ ಕೂರುತ್ತಿರಲಿಲ್ಲ.

ಹೋದ ವರ್ಷದ ಓಟಕ್ಕೆ ಎರಡು ದಿನವಿದೆ ಎನ್ನುವಾಗ, ಶುಕ್ರವಾರ ಸಂಜೆ, ಮುಂದಿನ ಎಡ ಗಾಲಿ ಕೊಟ್ಟಿಗೆಗೆ ಬಂತು. ಬಿಸಿಲಿಗೆ ಅರಗಳು ಸಡಿಲವಾಗಿ ಕಟಕಟ ಎನ್ನುತ್ತಿದ್ದವು. ಬಿಚ್ಚಿ ಕಟ್ಟಲು ಹನ್ನೊಂದು ದಿನ ಬೇಕು, ಇದ್ದದ್ದು ಒಂದು ದಿನ. ಆಗುವುದಿಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ವರ್ಷ ಮುನಿಕೃಷ್ಣಪ್ಪನವರು ಒಂದು ಮಾತು ಕೊಟ್ಟಿದ್ದರು. ಲೌಡ್‌ಸ್ಪೀಕರಿನಲ್ಲಿ ಕಾರಿನ ಹೆಸರಿನ ಜೊತೆಗೆ ಗಾಲಿ ಕಟ್ಟಿದವರ ಹೆಸರನ್ನೂ ಕೂಗಿಸುವುದಾಗಿ. ಜನ್ಮದಲ್ಲಿ ಯಾರೂ ಕೂಗದ ಹೆಸರು. ಬೇಡ ಎನ್ನಲು ಆ ಬಡಗಿಗೆ ಬಾಯಿ ಬರಲಿಲ್ಲ.

ಬೇಸಗೆಯಲ್ಲಿ ಗಾಡಿಯ ಗಾಲಿ ಸಡಿಲವಾದರೆ ಈ ಕಡೆಯ ರೈತರು ಏನು ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಗಾಡಿಯನ್ನು ಹಾಗೇ ಕೆರೆಗೆ ಇಳಿಸಿ ಅರ್ಧ ದಿನ ಬಿಡುತ್ತಾರೆ. ಮರ ನೀರು ಕುಡಿದು ಉಬ್ಬುತ್ತದೆ, ಗಾಲಿ ಬಿಗಿಯಾಗುತ್ತದೆ. ಪಿಳ್ಳಾಚಾರಿ ಮಾಡಿದ್ದೂ ಅದನ್ನೇ. ಶನಿವಾರವಿಡೀ ಗಾಲಿಗೆ ಹಗ್ಗ ಕಟ್ಟಿ ಕೆರೆಯಲ್ಲಿ ಮುಳುಗಿಸಿಟ್ಟರು. ಸಂಜೆ ಎತ್ತಿ ಕುಟ್ಟಿದರೆ ಒಂದೂ ಅರ ಅಲುಗಲಿಲ್ಲ. ಒರೆಸಿ, ಎಣ್ಣೆ ಬಳಿದು ಕಳಿಸಿದರು.

ಮಾರನೆಯ ದಿನ ಜಿಯಾವುಲ್ಲಾ ಎಂದಿನಂತೆ ಕೇಳಿದರು. “ಗಟ್ಟಿ ಐತಾ ಆಚಾರ್ರೆ?”

“ಕಲ್ಲಿದ್ದಂಗೈತೆ, ಓಗಿ ಸಾಹೇಬ್ರೆ.”

ಲೌಡ್‌ಸ್ಪೀಕರಿನಲ್ಲಿ ಯಲಹಂಕದ ಪಿಳ್ಳಾಚಾರಿ ಎಂದು ಎರಡು ಸಲ ಕೂಗಿದರು. ಆಗ ಕಣ್ಣಲ್ಲಿ ನೀರು ಬಂದದ್ದನ್ನು ಅವರು ಈಗಲೂ ನಾಚಿಕೆಯಿಂದಲೇ ಹೇಳುತ್ತಾರೆ. ಮೂರು ಸುತ್ತು ಕಾರು ಮುಂದಿತ್ತು. ನಾಲ್ಕನೆಯ ಸುತ್ತಿನ ತಿರುವಿನಲ್ಲಿ ಎಡಗಾಲಿ ಕುಸಿಯಿತು. ಕಾರು ಮಗುಚಿ, ಜಿಯಾವುಲ್ಲಾ ಅವರ ಬಲಮಂಡಿ ಅದರಡಿ ಸಿಕ್ಕಿ ನಜ್ಜುಗುಜ್ಜಾಯಿತು.

ಎತ್ತಿನ ಗಾಡಿ ಗಂಟೆಗೆ ಎರಡು ಮೈಲಿ ಹೋಗುತ್ತದೆ, ದಾರಿಯಲ್ಲಿ ಇನ್ನೊಂದು ಹಳ್ಳ ಸಿಗುತ್ತದೆ, ಮತ್ತೆ ನೆನೆಯುತ್ತದೆ. ಕಾರು ಓಡುವುದು ಐವತ್ತು ಮೈಲಿ ವೇಗದಲ್ಲಿ, ಏಪ್ರಿಲ್ಲಿನ ಬಿಸಿಲಲ್ಲಿ, ಕಾದ ಸಿಮೆಂಟಿನ ಮೇಲೆ. ಕುಡಿದ ನೀರೆಲ್ಲ ಮೂರು ಸುತ್ತಿನಲ್ಲಿ ಆರಿಹೋಗಿತ್ತು. ಚೂರುಗಳನ್ನು ಆಯುವಾಗಲೇ ಪಿಳ್ಳಾಚಾರಿಗೆ ಅರ್ಥವಾಯಿತು. ಹೆಚ್ಚಿನ ಅರಗಳು ಮುರಿದಿರಲಿಲ್ಲ. ಮುದುಕರ ವಸಡಿನಿಂದ ಹಲ್ಲು ಬರುವಂತೆ ಇಡಿಯಾಗಿ ಕಳಚಿಕೊಂಡಿದ್ದವು.

“ಗೋಣಿಚೀಲದಾಗೆ ತುಂಬ್ಕೊಂಡ್ ಬಂದೆ. ಅವತ್ತೇ ಒಲೆಗಾಕ್ಬುಟ್ಟೆ ಸಾಮಿ. ಯಾರಾದ್ರೂ ನೋಡಿದ್ರೆ ಅಂತ.” ಈ ಮಾತು ಹೇಳುವಾಗ ಅವರು ತಲೆ ಎತ್ತುವುದಿಲ್ಲ.

ಕಾರು ಮಗುಚಿದ್ದಕ್ಕೆ ಗಾಲಿ ಮುರಿಯಿತು ಎಂದುಕೊಂಡರು ಓಟ ನಡೆಸಿದವರು. ಅತಿವೇಗದಲ್ಲಿ ತಿರುಗಿಸಿದ್ದೇ ಕಾರಣ ಎಂದು ಕಾಗದ ಬರೆದು, ಜಿಯಾವುಲ್ಲಾ ಇನ್ನು ಓಡಿಸಕೂಡದು ಎಂದರು. ಆ ಕಾಗದ ಮಾರುಕಟ್ಟೆಯಲ್ಲೆಲ್ಲ ಸುದ್ದಿಯಾಯಿತು. ಕಾರು ಮಗುಚಿದವನ ಕೈಗೆ ಯಾರು ಕಾರು ಕೊಡುತ್ತಾರೆ? ಗ್ಯಾರೇಜು ನಾಲ್ಕು ತಿಂಗಳಲ್ಲಿ ಮುಚ್ಚಿತು. ಈಗ ಅವರು ಮನೆಯ ಜಗಲಿಯಲ್ಲಿ ಕಾಲು ನೀಡಿ ಕೂತು ಸೀಮೆಎಣ್ಣೆ ಸ್ಟೌ ರಿಪೇರಿ ಮಾಡುತ್ತಾರೆ.

ಪಿಳ್ಳಾಚಾರಿ ಮೊದಲು ಹೆಬ್ಬಾಳಕ್ಕೆ ಹೋಗಿ ಮುನಿಕೃಷ್ಣಪ್ಪನವರ ಮುಂದೆ ಎಲ್ಲ ಹೇಳಿದರು. ಅವರು, “ಆಗಿದ್ದು ಆಯ್ತು ಆಚಾರ್ರೆ, ಕೆದಕ್ಬೇಡಿ. ಕಾರೇ ಸರಿ ಇರ್ಲಿಲ್ಲ ಅಂದ್ರೆ ಓಟಾನೇ ನಿಲ್ಲಿಸ್ಬಿಡ್ತಾರೆ,” ಎಂದರಂತೆ. ಈಗ ಬೊಂಬಾಯಿಯಿಂದ ಉಕ್ಕಿನ ಗಾಲಿ ತರಿಸುತ್ತಿದ್ದಾರೆ. ಹಳೇ ಕಾರು ಉಳಿಯುತ್ತದೆ, ಮಗುಚಿದ ಕೆಟ್ಟ ಹೆಸರು ಮಾತ್ರ ಜಿಯಾವುಲ್ಲಾ ಅವರ ತಲೆಯ ಮೇಲೆ ಉಳಿಯುತ್ತದೆ.

ಯಶವಂತಪುರಕ್ಕೆ ಪಿಳ್ಳಾಚಾರಿ ಮೂರು ಸಲ ಹೋಗಿದ್ದಾರೆ, ಹೇಳಿಬಿಡಬೇಕೆಂದೇ. ಎರಡು ಸಲ ಜಿಯಾವುಲ್ಲಾ ಅವರ ಹೆಂಡತಿ ಮಲ್ಕಾ ಕೊಟ್ಟ ಟೀ ಕುಡಿದು, ಮಳೆ ಬೆಳೆ ಮಾತಾಡಿ ಬಂದರು. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಜಿಯಾವುಲ್ಲಾ ಅವರೇ ಕೈ ಹಿಡಿದುಕೊಂಡರು.

“ಮಾಫ್ ಮಾಡಿ ಆಚಾರ್ರೆ. ನಾನೇ ಜೋರಾಗಿ ತಿರುಗಿಸ್ಬಿಟ್ಟೆ. ನಿಮ್ ಗಾಲಿ ಮುರಿದಾಕ್ಬಿಟ್ಟೆ.”

ಪಿಳ್ಳಾಚಾರಿ ಎದ್ದು ಬಂದುಬಿಟ್ಟರು. ರೈಲ್ವೆ ಗೇಟಿನ ಹತ್ತಿರ ಕೂತು ಅತ್ತರು. ಅಂದಿನಿಂದ ಅವರಿಗೆ ಕೈಮೇಲೆ ನಂಬಿಕೆಯಿಲ್ಲ, ಕಿವಿಮೇಲೆ ನಂಬಿಕೆಯಿಲ್ಲ. ಸರಿಯಾಗಿ ಕೂತ ಅರವೂ ಸಡಿಲವಾಗಿ ಕೇಳಿಸುತ್ತದೆ. ಬಾಗಲೂರಿನವರ ಗಾಲಿ ಎರಡು ತಿಂಗಳಿಂದ ಮುಗಿದಿಲ್ಲ.

ಇಂಥವರ ಬಗ್ಗೆ ಬರೆಯುವಾಗ, ನಿಮ್ಮ ಆಸೆ ಏನು ಎಂದು ಕೊನೆಗೊಮ್ಮೆ ಕೇಳುವುದು ವಾಡಿಕೆ. ಕೇಳಿದಾಗ ಅವರು ಉಳಿಯನ್ನು ಪಕ್ಕಕ್ಕಿಟ್ಟು, ಈಗ ಹೇಳಿದ್ದನ್ನೆಲ್ಲ ಅಚ್ಚು ಹಾಕಿ ಎನ್ನುತ್ತಾರೆ.

“ಬ್ಯಾಡ, ಸುಮ್ಕಿರಿ,” ರಾಮಲಕ್ಷ್ಮಮ್ಮ ಬಾಗಿಲಿನಿಂದ ಒಳಗೆ ಬಂದು ತಡೆಯುತ್ತಾರೆ. “ಇದು ಪೇಪರ್ನಾಗೆ ಬಂದ್ರೆ ನಾಳೆಯಿಂದ ಒಂದ್ ಗಾಡಿ ಗಾಲೀನೂ ನಮ್ ಬಾಗ್ಲಿಗೆ ಬರಾಕಿಲ್ಲ. ಉಣ್ಣೋದೇನು?”

“ಬಾರ್ದೆ ಓಗ್ಲಿ ಬುಡು,” ಎನ್ನುತ್ತಾರೆ ಪಿಳ್ಳಾಚಾರಿ. ಆಮೇಲೆ ಈ ಕಡೆ ತಿರುಗಿ, ಹುಷಾರಾಗಿ ಮಾತು ಜೋಡಿಸುತ್ತಾರೆ.

“ನನ್ ಪೋಟೋ ಆಕ್ಬ್ಯಾಡಿ. ಬೋ ದೊಡ್ ಮಾತೂ ಬರೀಬ್ಯಾಡಿ. ಸಾಹೇಬ್ರಿಗೆ ಕನ್ನಡ ಓದಾಕ್ ಬರಾಕಿಲ್ಲ. ಮಲ್ಕಾ ಅವ್ರು ನಾಕನೇ ಕ್ಲಾಸ್‌ಗಂಟ ಇಸ್ಕೂಲಿಗೆ ಓಗವ್ರೆ, ಅಕ್ಸರ ಕೂಡಿಸ್ಕೊಂಡ್ ಕೂಡಿಸ್ಕೊಂಡ್ ಓದ್ತಾರೆ. ಅವ್ರು ಓದಿ ಯೋಳೋ ಅಂಗೆ ಬರೀರಿ ಸಾಮಿ. ಸಾಹೇಬ್ರು ತಿರುಗಿಸಿದ್ದು ಸರಿಯಾಗೇ ಇತ್ತು ಅಂತ ಬರೀರಿ.”